ಓಡುವ ಪ್ರೋಗ್ರಾಮಿಗೆ ಮೂಗುದಾರ

ಪೈಥಾನ್‌ನಲ್ಲಿ ನಾನೇ ಬರೆದ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಒಮ್ಮೆ ನನ್ನ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪನ್ನು ಕಲ್ಲು ಮಾಡಿ ಕೂರಿಸಿತ್ತು. ನಿಲ್ಲಬೇಕಾದ ಕಡೆ ಲೂಪ್ ನಿಲ್ಲದೆ ಲಿಸ್ಟಿಗೆ ಸೇರಿಸುತ್ತಲೇ ಹೋಗಿತ್ತು. ಮೌಸ್ ಅಲುಗಲಿಲ್ಲ, ಕೀಬೋರ್ಡ್ ಕೇಳಲಿಲ್ಲ. ಕಡೆಗೆ ಪವರ್ ಬಟನ್ ಒತ್ತಿ ಹಿಡಿದೆ; ಸೇವ್ ಮಾಡದ ಕೆಲಸವೂ ಅದರ ಜೊತೆಗೇ ಹೋಯಿತು. ಅದಕ್ಕೂ ಮುಂಚೆ ಟರ್ಮಿನಲ್‌ನಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿದ್ದರೆ ಸಾಯುತ್ತಿದ್ದದ್ದು ಆ ಪ್ರೋಗ್ರಾಂ ಮಾತ್ರ.

ಆ ಸಾಲಿನ ಹೆಸರು ಯುಲಿಮಿಟ್, ಓಡುವ ಪ್ರೋಗ್ರಾಂ ಎಷ್ಟು ಮೆಮೊರಿ, ಎಷ್ಟು ಸಮಯ ಬಳಸಬಹುದೆಂದು ಮಿತಿ ಹಾಕುವ ಕಮಾಂಡ್. ಟರ್ಮಿನಲ್‌ನಲ್ಲಿ ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ ಶೆಲ್; ಲಿನಕ್ಸ್‌ನ ಬ್ಯಾಶ್ ಶೆಲ್‌ನಲ್ಲಿ ಇದು ಇದ್ದೇ ಇರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ಕಮಾಂಡ್‌ಗಳನ್ನು ನೀವು ಇಂಗ್ಲಿಷ್‌ನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಈಗ ಯಾವ ಮಿತಿಗಳಿವೆ ಎಂದು ನೋಡಿಕೊಳ್ಳಿ. 'ಯುಲಿಮಿಟ್ -ಎ' ಎಂದು ಕೊಟ್ಟರೆ ಉದ್ದದ ಪಟ್ಟಿ ಬರುತ್ತದೆ. ಹಲವುಗಳ ಮುಂದೆ 'ಅನ್‌ಲಿಮಿಟೆಡ್' ಎಂದಿರುತ್ತದೆ. ಒಂದು ಪ್ರೋಗ್ರಾಂ ಏಕಕಾಲಕ್ಕೆ ತೆರೆದಿಡಬಹುದಾದ ಫೈಲ್‌ಗಳ ಮಿತಿ ಸಾಮಾನ್ಯವಾಗಿ 1024, ಸ್ಟ್ಯಾಕ್ 8192 ಕೆಬಿ. ಈ ಪಟ್ಟಿಯನ್ನೆಲ್ಲ ಅರಗಿಸಿಕೊಳ್ಳುವ ಅಗತ್ಯವಿಲ್ಲ. ದಿನದ ಕೆಲಸಕ್ಕೆ ಬೇಕಾಗುವುದು ನಾಲ್ಕೇ: ಮೆಮೊರಿಗೆ 'ವಿ', ಸಿಪಿಯು ಸಮಯಕ್ಕೆ 'ಟಿ', ತೆರೆದ ಫೈಲ್‌ಗಳಿಗೆ 'ಎನ್', ಪ್ರೋಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಸಂಖ್ಯೆಗೆ 'ಯು'.

ಮಿತಿ ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. ಪ್ರತಿ ಮಿತಿಗೂ ಎರಡು ಅಂಕಿಗಳಿರುತ್ತವೆ, ಸಾಫ್ಟ್ ಮತ್ತು ಹಾರ್ಡ್. ಸಾಫ್ಟ್ ಎಂದರೆ ಮೇಯಲು ಬಿಟ್ಟ ಹಸುವಿನ ಹಗ್ಗ. ಹಾರ್ಡ್ ಎಂದರೆ ಹೊಲದ ಬೇಲಿ. ಬೇಲಿಯ ಒಳಗೆ ಹಗ್ಗವನ್ನು ಎಷ್ಟಾದರೂ ಸಡಿಲಿಸಬಹುದು, ಬಿಗಿಯಬಹುದು. ಬೇಲಿಯನ್ನು ಒಳಕ್ಕೆ ತರುವುದಕ್ಕೂ ಅಡ್ಡಿಯಿಲ್ಲ, ಆದರೆ ತಂದ ಮೇಲೆ ಹೊರಕ್ಕೆ ಸರಿಸಲು ಕಂಪ್ಯೂಟರಿನ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಿಗೆ ಮಾತ್ರ ಸಾಧ್ಯ. ಎಡವಟ್ಟಾಗುವುದು ಇಲ್ಲೇ. ಯಾವುದನ್ನೆಂದು ಹೇಳದೆ ಅಂಕಿ ಕೊಟ್ಟರೆ ಯುಲಿಮಿಟ್ ಎರಡನ್ನೂ ಒಟ್ಟಿಗೆ ಇಳಿಸಿಬಿಡುತ್ತದೆ. ಸಾಫ್ಟ್ ಮಾತ್ರ ಸಾಕೆಂದರೆ ದೊಡ್ಡಕ್ಷರದ 'ಎಸ್' ಸೇರಿಸಬೇಕು, ಹಾರ್ಡ್‌ಗೆ ದೊಡ್ಡಕ್ಷರದ 'ಎಚ್'. ಮರೆತು ಇಳಿಸಿಬಿಟ್ಟರೆ ಗಾಬರಿ ಬೇಡ. ಆ ಟರ್ಮಿನಲ್ ಮುಚ್ಚಿ ಹೊಸದನ್ನು ತೆರೆದರಾಯಿತು.

ಅದಕ್ಕಿಂತ ಒಳ್ಳೆಯ ಉಪಾಯ ಆವರಣ ಚಿಹ್ನೆ. ಆವರಣದೊಳಗೆ ಬರೆದದ್ದು ಶೆಲ್‌ನ ಒಂದು ಮರಿಯಲ್ಲಿ ನಡೆಯುತ್ತದೆ. ಮಿತಿ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆಯೇ ಹೊರತು ಮಕ್ಕಳಿಂದ ತಾಯಿಗೆ ಏರುವುದಿಲ್ಲ. ಹಾಗಾಗಿ '(ಯುಲಿಮಿಟ್ -ವಿ 2097152; ಪೈಥಾನ್3 ಲೆಕ್ಕ.ಪಿವೈ)' ಎಂದು ಕೊಟ್ಟರೆ ನಿಮ್ಮ ಟರ್ಮಿನಲ್ ಮೊದಲಿದ್ದಂತೆಯೇ ಇರುತ್ತದೆ, ಒಳಗಿನ ಪ್ರೋಗ್ರಾಂ ಮಾತ್ರ 2 ಜಿಬಿಗೆ ಕಟ್ಟುಬೀಳುತ್ತದೆ. ಲೆಕ್ಕ ಕೆಬಿಯಲ್ಲಿ, 2 ಗುಣಿಸು 1024 ಗುಣಿಸು 1024. ಗಡಿ ಮುಟ್ಟಿದೊಡನೆ ಪೈಥಾನ್ 'ಮೆಮೊರಿ ಎರರ್' ಎಂದು ಗೊಣಗಿ ನಿಲ್ಲುತ್ತದೆ. ನನ್ನ ಲ್ಯಾಪ್‌ಟಾಪ್ ಈಗ ಉಳಿದಿರುವುದು ಈ ಆವರಣದಿಂದಲೇ.

ಆದರೆ 'ವಿ' ಎಣಿಸುವುದು ಪ್ರೋಗ್ರಾಂ ಕಾದಿರಿಸಿಕೊಂಡ ವಿಳಾಸಗಳನ್ನು, ನಿಜವಾಗಿ ಬಳಸಿದ ಮೆಮೊರಿಯನ್ನಲ್ಲ. ಜಾವಾ, ಕ್ರೋಮ್‌ನಂಥವು ಬಳಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾದಿರಿಸುತ್ತವೆ, ಬಿಗಿ ಮಿತಿಯಲ್ಲಿ ಅವು ಶುರುವೇ ಆಗಲಿಕ್ಕಿಲ್ಲ. ಹಾಗಾದರೆ ನಿಜವಾದ ಬಳಕೆಗೆ ಇರುವ 'ಎಂ' ಹಾಕೋಣವೇ? ಹಾಕಿ, ಶೆಲ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಲಿನಕ್ಸ್‌ನ ತಿರುಳಾದ ಈಗಿನ ಕರ್ನಲ್ ಮಾತ್ರ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

'ಟಿ' ಕೂಡ ಹೀಗೇ ದಾರಿ ತಪ್ಪಿಸಬಹುದು. 'ಯುಲಿಮಿಟ್ -ಟಿ 5' ಎಂದರೆ 5 ಸೆಕೆಂಡ್ ಸಿಪಿಯು ಕೆಲಸ, ಗೋಡೆ ಗಡಿಯಾರದ 5 ಸೆಕೆಂಡ್ ಅಲ್ಲ. ಸುಮ್ಮನೆ ಸುತ್ತುವ ಲೂಪ್ ಬೇಗನೆ ಸಾಯುತ್ತದೆ. 'ಸ್ಲೀಪ್ 60' ಮಾತ್ರ ಪೂರಾ ಒಂದು ನಿಮಿಷ ಹಾಯಾಗಿ ಮಲಗಿ ಎದ್ದು ಬರುತ್ತದೆ. ಗಡಿಯಾರದ ಲೆಕ್ಕ ಬೇಕಿದ್ದರೆ 'ಟೈಮ್‌ಔಟ್' ಎಂಬ ಬೇರೆಯೇ ಕಮಾಂಡ್ ಇದೆ.

'ಯು' ಬಗ್ಗೆ ಎಚ್ಚರ. ಅದು ಈ ಟರ್ಮಿನಲ್‌ನ ಪ್ರೋಸೆಸ್‌ಗಳನ್ನಷ್ಟೇ ಅಲ್ಲ, ನಿಮ್ಮ ಹೆಸರಿನಲ್ಲಿ ಇಡೀ ಕಂಪ್ಯೂಟರಿನಲ್ಲಿ ಓಡುತ್ತಿರುವ ಎಲ್ಲವನ್ನೂ, ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಓಡುವ ಥ್ರೆಡ್‌ಗಳನ್ನೂ ಸೇರಿಸಿ ಎಣಿಸುತ್ತದೆ. ಡೆಸ್ಕ್‌ಟಾಪೇ ನೂರಾರು ತಿಂದಿರುವಾಗ 50 ಎಂದು ಹಾಕಿದರೆ, ಆ ಟರ್ಮಿನಲ್‌ನಲ್ಲಿ ಫೈಲ್‌ಗಳ ಪಟ್ಟಿ ತೋರಿಸುವ 'ಎಲ್ಎಸ್' ಕೂಡ ಓಡದು.

'ಎನ್' ವಿಷಯದಲ್ಲಿ ಕಷ್ಟ ತಿರುವುಮುರುವು: ಅಲ್ಲಿ ಸಾಮಾನ್ಯವಾಗಿ ಇಳಿಸುವುದಲ್ಲ, ಏರಿಸುವುದು ಬೇಕಾಗುತ್ತದೆ. 'ಟೂ ಮೆನಿ ಓಪನ್ ಫೈಲ್ಸ್' ಎಂಬ ದೂರು ಬಂದರೆ ಮೊದಲು ಬೇಲಿ ಎಲ್ಲಿದೆ ನೋಡಿ, ದೊಡ್ಡಕ್ಷರದ ಎಚ್ ಮುಂದಿಟ್ಟು 'ಯುಲಿಮಿಟ್ -ಎಚ್‌ಎನ್'. ಅದರೊಳಗೆ ಬೇಕಾದ ಅಂಕಿಯನ್ನು ಸಾಫ್ಟ್‌ಗೆ ಕೊಡಿ. ಬೇಲಿಯೇ ಸಾಲದಿದ್ದರೆ ಹಲವರು, ಕಮಾಂಡನ್ನು ರೂಟ್ ಅಧಿಕಾರದಿಂದ ಓಡಿಸುವ ಸುಡೊ ಸೇರಿಸಿ, 'ಸುಡೊ ಯುಲಿಮಿಟ್' ಎಂದು ಹೊಡೆದು 'ಕಮಾಂಡ್ ನಾಟ್ ಫೌಂಡ್' ಎಂಬ ಉತ್ತರ ಪಡೆಯುತ್ತಾರೆ. ಯುಲಿಮಿಟ್ ಶೆಲ್‌ನ ಅಂಗ, ಬೇರೆ ಪ್ರೋಗ್ರಾಮ್ ಅಲ್ಲ. ಬೇರೆ ಪ್ರೋಗ್ರಾಮ್ ಆಗಿದ್ದರೆ ತನ್ನ ಮಿತಿಯನ್ನು ಬದಲಿಸಿಕೊಂಡು ತಾನೇ ಮುಗಿದುಹೋಗುತ್ತಿತ್ತು, ಶೆಲ್‌ಗೆ ಏನೂ ತಾಗುತ್ತಿರಲಿಲ್ಲ.

ಕಾಯಂ ಬದಲಾವಣೆಗೆ ರೂಟ್ ಅಧಿಕಾರದಿಂದ ಇಟಿಸಿ ಡೈರೆಕ್ಟರಿಯ ಸೆಕ್ಯುರಿಟಿ ಫೋಲ್ಡರ್‌ನಲ್ಲಿರುವ ಲಿಮಿಟ್ಸ್.ಕಾನ್ಫ್ ಫೈಲ್ ತೆರೆಯಿರಿ. ಒಂದು ಸಾಲಿನಲ್ಲಿ ನಾಲ್ಕು ಪದ: ಬಳಕೆದಾರನ ಹೆಸರು, ಸಾಫ್ಟ್ ಅಥವಾ ಹಾರ್ಡ್, 'ನೋಫೈಲ್' (ತೆರೆದ ಫೈಲ್‌ಗಳ ಮಿತಿಗೆ ಇಲ್ಲಿರುವ ಹೆಸರು), ಅಂಕಿ. ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗುವವರೆಗೂ ಇದು ಜಾರಿಗೆ ಬರದು. ಹಿನ್ನೆಲೆಯ ಸರ್ವೀಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಎಬ್ಬಿಸುವ ಡೇಟಾಬೇಸ್, ವೆಬ್ ಸರ್ವರ್‌ಗಳು ಲಾಗಿನ್ ಬಾಗಿಲಿನಿಂದ ಬರುವುದೇ ಇಲ್ಲವಾದ್ದರಿಂದ ಅವುಗಳಿಗೆ ಈ ಫೈಲ್ ನಾಟುವುದಿಲ್ಲ. ಆಯಾ ಸರ್ವೀಸಿನ ಯೂನಿಟ್ ಫೈಲ್‌ನಲ್ಲಿ 'ಲಿಮಿಟ್‌ನೋಫೈಲ್' ಎಂಬ ಸಾಲು ಬರೆದು (ಲಿಮಿಟ್‌ನ ಎಲ್ ಮತ್ತು ನೋಫೈಲ್ ಪೂರ್ತಿ ದೊಡ್ಡಕ್ಷರ), 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಕೊಟ್ಟು, ಆ ಸರ್ವೀಸನ್ನು ರೀಸ್ಟಾರ್ಟ್ ಮಾಡಬೇಕು.

ನಿಲ್ಲಿಸಲಾಗದ ಸರ್ವರ್ ಆಗಿದ್ದರೆ 'ಪಿಆರ್‌ಲಿಮಿಟ್' ಇದೆ. ಇದು ನಿಜಕ್ಕೂ ಬೇರೆ ಪ್ರೋಗ್ರಾಮ್, ಹಾಗಾಗಿ ಸುಡೊ ಜೊತೆಗೂ ನಡೆಯುತ್ತದೆ. ಓಡುತ್ತಿರುವ ಪ್ರೋಸೆಸ್‌ನ ಸಂಖ್ಯೆ ಕೊಟ್ಟು ಅಲ್ಲೇ ಮಿತಿ ಬದಲಿಸಬಹುದು. ಬದಲಾಯಿತೇ ಎಂದು ನೋಡಲು ಪ್ರಾಕ್ ಡೈರೆಕ್ಟರಿಯಲ್ಲಿ ಅದೇ ಸಂಖ್ಯೆಯ ಫೋಲ್ಡರ್ ಹೊಕ್ಕು 'ಲಿಮಿಟ್ಸ್' ಫೈಲ್ ಓದಿ. ನಿಮ್ಮ ಟರ್ಮಿನಲ್‌ನ ಯುಲಿಮಿಟ್ ಏನೇ ಹೇಳಲಿ, ಆ ಪ್ರೋಸೆಸ್‌ಗೆ ಅನ್ವಯಿಸುವುದು ಅಲ್ಲಿರುವ ಅಂಕಿ ಮಾತ್ರ.