ಹಡಗಿಗಿಂತ ಮೊದಲು ದಾರಿ ನೋಡಿ: ಮಕ್ಕಳ ಜೊತೆ ಕ್ರೂಸ್‌ಗೆ ಹೊರಡುವುದು ಹೇಗೆ?

ಹುಬ್ಬಳ್ಳಿಯ ಮಕ್ಕಳಿಗೆ ದೊಡ್ಡ ನೀರೆಂದರೆ ಉಣಕಲ್ ಕೆರೆ. ಗದಗಿನವರಿಗೆ ಭೀಷ್ಮ ಕೆರೆ, ಹಾವೇರಿಯವರಿಗೆ ಹೆಗ್ಗೇರಿ. ಇಂಥ ಮಕ್ಕಳಿಗೆ ದಂಡೆಯೇ ಕಾಣದ ನೀರನ್ನು ತೋರಿಸಬೇಕೆಂಬ ಆಸೆ ಈಗ ನಮ್ಮ ಕಡೆಯೂ ಹೆಚ್ಚಿದೆ. ಅದಕ್ಕಾಗಿ ಸಿಂಗಪುರಕ್ಕೇ ಹೋಗಬೇಕಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಕ್ರೂಸಸ್ ಎಂಬ ಪ್ರವಾಸಿ ಹಡಗು ಕಂಪನಿಯ ಎಂಪ್ರೆಸ್ ಹಡಗು ಮುಂಬಯಿಯಿಂದ ಓಡಾಟ ಶುರು ಮಾಡಿತು. ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಪ್ರವಾಸಗಳಿವೆ.

ನಾವೂ ಹೋಗಿ ಬಂದೆವು. ನಾವಿಬ್ಬರು, 9 ಮತ್ತು 4 ವರ್ಷದ ಮಕ್ಕಳು, ಜೊತೆಗೆ ನಮ್ಮ ಅತ್ತೆ. ಹಡಗಿನಲ್ಲಿ ಏನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ನೆಲದ ಮೇಲೆ. ಬೆಳಿಗ್ಗೆ ಮುಂಬಯಿ ಮುಟ್ಟಿದರೆ ಸಾಕು, ಮಧ್ಯಾಹ್ನ ಹಡಗು ಹತ್ತಬಹುದು ಎಂದುಕೊಂಡು ರಾತ್ರಿ ಬಸ್ಸು ಹಿಡಿದಿದ್ದೆವು. ಪುಣೆ ದಾಟಿದ ಮೇಲೆ ಘಾಟಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತುಬಿಟ್ಟವು. ಬಂದರು ಮುಟ್ಟಿದಾಗ ಚೆಕ್‌ಇನ್ ಕೌಂಟರ್ ಮುಚ್ಚಲು 20 ನಿಮಿಷ ಉಳಿದಿತ್ತು. ಮಕ್ಕಳು ಹಸಿದು ಅಳುತ್ತಿದ್ದರು. ಅವತ್ತಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಹಡಗಿನ ಫೋಟೊ ಆಮೇಲೆ ನೋಡಿ, ಊರಿಂದ ಬಂದರಿನವರೆಗಿನ ದಾರಿ ಮೊದಲು ನೋಡಿ.

ತಿಂಗಳು ಮತ್ತು ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿಗೆ ಅರಬ್ಬಿ ಸಮುದ್ರ ಕುದಿಯುತ್ತಿರುತ್ತದೆ. ಆ ತಿಂಗಳುಗಳನ್ನು ಬಿಟ್ಟುಬಿಡಿ. ಮೇ ಕೊನೆಯೂ ಬೇಡ. 2021ರ ತೌಕ್ತೆ ಚಂಡಮಾರುತ ಬಂದದ್ದು ಮೇ ತಿಂಗಳಲ್ಲೇ. ದಸರಾ ರಜೆ ಪರವಾಗಿಲ್ಲ, ಆದರೆ ಹವಾಮಾನ ವರದಿಯ ಮೇಲೆ ಕಣ್ಣಿರಲಿ. ಶಾಲೆಗೆ ಎರಡು ದಿನ ರಜೆ ಹಾಕಿಸಲು ಆಗುತ್ತದೆ ಅಂದರೆ ಡಿಸೆಂಬರ್-ಜನವರಿಯೇ ಒಳ್ಳೆಯದು.

ಮೊದಲ ಸಲಕ್ಕೆ ಎರಡೋ ಮೂರೋ ರಾತ್ರಿ ಸಾಕು. ಲಕ್ಷದ್ವೀಪ ಚಂದ, ನಿಜ. ಆದರೆ ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ಅಲೆ ಜಾಸ್ತಿ ಇದ್ದರೆ ಇಳಿಸುವುದೇ ಇಲ್ಲ. ಹವಾಮಾನ ನೋಡಿ ದಾರಿ ಬದಲಿಸುವ ಹಕ್ಕು ಕಂಪನಿಗೆ ಇರುತ್ತದೆ. ಹಾಗಾಗಿ ಮಕ್ಕಳಿಗೆ 'ದ್ವೀಪಕ್ಕೆ ಹೋಗೋಣ' ಎಂದು ಆಸೆ ಹಚ್ಚಬೇಡಿ, 'ಹಡಗಿನಲ್ಲಿ ಹೋಗೋಣ' ಎನ್ನಿ.

ಬಂದರಿಗೆ ಒಂದು ದಿನ ಮೊದಲೇ

ಹುಬ್ಬಳ್ಳಿಯಿಂದ ಮುಂಬಯಿ ಸುಮಾರು 570 ಕಿ.ಮೀ. ಹುಬ್ಬಳ್ಳಿ, ಧಾರವಾಡದವರಿಗೆ ಮುಂಬಯಿಯ ದಾದರ್‌ಗೆ ರೈಲುಗಳಿವೆ. ಗದಗಿನವರಿಗೆ ಸೊಲ್ಲಾಪುರ ಮಾರ್ಗವಾಗಿ ನೇರ ರೈಲೇ ಇದೆ. ಹಾವೇರಿಯವರು ಹುಬ್ಬಳ್ಳಿಗೆ ಬಂದು ಹತ್ತುವುದು ಸುಲಭ. ಹಿಂದಿನ ದಿನವೇ ಮುಂಬಯಿಯಲ್ಲಿ ಇರುವಂತೆ ಟಿಕೆಟ್ ಮಾಡಿ. ಒಂದು ರಾತ್ರಿಯ ರೂಮಿನ ಬಾಡಿಗೆ ಹೋಗುತ್ತದೆ, ಹೋಗಲಿ. ಹಡಗು ತಪ್ಪಿದರೆ ಕೈಬಿಡುವ ದುಡ್ಡು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣ ಹತ್ತಿರ. ಅದೇ ಸುತ್ತಿನಲ್ಲಿ ರೂಮು ನೋಡಿ.

ರೈಲು ಬುಕಿಂಗ್ ತೆರೆಯುವುದು 60 ದಿನ ಮೊದಲು. 5 ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವಾದರೆ ಟಿಕೆಟ್ ಬೇಡ. 5ರಿಂದ 12ರ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ರಾತ್ರಿ ಪ್ರಯಾಣಕ್ಕೆ ಬರ್ತ್ ತೆಗೆದುಕೊಳ್ಳಿ, ಮಾರನೇ ದಿನ ಮಗು ಗೆಲುವಾಗಿರುತ್ತದೆ.

ದುಡ್ಡು, ಕ್ಯಾಬಿನ್, ಕಾಗದ

ಜಾಹೀರಾತಿನ ದರ ಪೂರ್ತಿ ದರವಲ್ಲ. ಬಂದರು ಶುಲ್ಕ, ಜಿಎಸ್‌ಟಿ, ಟಿಪ್ಸ್ ಮೇಲೆ ಸೇರುತ್ತವೆ. 'ಎಲ್ಲ ಸೇರಿ ಕೊನೆಗೆ ಎಷ್ಟು?' ಎಂದು ಕೇಳಿ, ಬರೆಸಿಕೊಳ್ಳಿ. ಒಂದೇ ಕ್ಯಾಬಿನ್‌ನ ಮೂರನೇ, ನಾಲ್ಕನೇ ಜನಕ್ಕೆ ಸಾಮಾನ್ಯವಾಗಿ ದರ ಕಡಿಮೆ. ಚಿಕ್ಕ ಮಕ್ಕಳಿದ್ದರೆ ಬಾಲ್ಕನಿ ಕ್ಯಾಬಿನ್ ನನಗಂತೂ ಬೇಡ. ನಿದ್ದೆಗಣ್ಣಿನಲ್ಲಿ ಮಗು ಬಾಗಿಲು ತೆಗೆದೀತೆಂಬ ಚಿಂತೆ ಯಾಕೆ? ತೆರೆಯಲಾಗದ ಕಿಟಕಿಯ ಕ್ಯಾಬಿನ್ ಸಾಕು. ಅದೂ ಕೆಳಗಿನ ಡೆಕ್‌ನಲ್ಲಿ (ಡೆಕ್ ಅಂದರೆ ಹಡಗಿನ ಅಂತಸ್ತು), ಹಡಗಿನ ನಡುಭಾಗದಲ್ಲಿ ಕೇಳಿ. ತೂಗಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ.

6 ತಿಂಗಳೊಳಗಿನ ಕೂಸನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. 24 ವಾರ ಕಳೆದ ಗರ್ಭಿಣಿಯರನ್ನೂ ಅಷ್ಟೇ. ದೇಶದೊಳಗಿನ ಪ್ರವಾಸಕ್ಕೆ ಮಕ್ಕಳ ಆಧಾರ್ ಇಟ್ಟುಕೊಳ್ಳಿ. ಬುಕಿಂಗ್‌ನಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಅಕ್ಷರ ಅಕ್ಷರ ಒಂದೇ ಇರಲಿ. ಶ್ರೀಲಂಕಾ ಕಡೆ ಹೋಗುವುದಾದರೆ ಮಗುವಿಗೂ ಪಾಸ್‌ಪೋರ್ಟ್ ಬೇಕು. ಅದಕ್ಕೆ ತಿಂಗಳುಗಳ ಮೊದಲೇ ಓಡಾಡಿ.

ವಾಂತಿಯ ಭಯ

ಎಲ್ಲರೂ ಮೊದಲು ಕೇಳುವುದು ಇದನ್ನೇ, ಅಲ್ವಾ? ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಟ್ಟದ ತಿರುವುಗಳಲ್ಲಿ ನಿಮ್ಮ ಮಗು ವಾಂತಿ ಮಾಡುತ್ತದೆಯೇ? ಹಾಗಿದ್ದರೆ ಹಡಗಿನಲ್ಲೂ ಆಗಬಹುದು. 2ರಿಂದ 12 ವರ್ಷದವರಿಗೆ ಈ ತೊಂದರೆ ಹೆಚ್ಚು. ದೇಹ ಅಲುಗಾಡುತ್ತಿದೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ. ಕ್ಯಾಬಿನ್‌ನ ಗೋಡೆ ನೋಡುವ ಕಣ್ಣು ಅಲುಗಾಡುತ್ತಿಲ್ಲ ಎನ್ನುತ್ತದೆ. ಈ ಎರಡರ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಮಗುವನ್ನು ಮೇಲಿನ ಡೆಕ್‌ಗೆ ಕರೆದುಕೊಂಡು ಹೋಗಿ. ಗಾಳಿ ಸೋಕಲಿ, ದೂರದಲ್ಲಿ ನೀರು ಮುಗಿಲು ಕೂಡುವ ಗೆರೆ ನೋಡಲಿ. ಮೊಬೈಲ್ ಕೊಟ್ಟರೆ ವಾಕರಿಕೆ ಜಾಸ್ತಿಯಾಗುತ್ತದೆ. ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಷ್ಟು ತುಂಬಲೂಬಾರದು. ಮಾತ್ರೆಯನ್ನು ಊರಲ್ಲೇ ಮಕ್ಕಳ ಡಾಕ್ಟರನ್ನು ಕೇಳಿ ತನ್ನಿ. ಪ್ರೊಮೆಥಜೀನ್ ಇರುವ ಔಷಧಿಯನ್ನು 2 ವರ್ಷದೊಳಗಿನವರಿಗೆ ಕೊಡಲೇಬಾರದು.

ರೊಟ್ಟಿ, ಶೇಂಗಾ ಹಿಂಡಿ, ಉಂಡಿ ರೈಲಿಗೆ ಕಟ್ಟಿಕೊಳ್ಳಿ. ಹಡಗಿಗೆ ಮನೆ ಅಡುಗೆ ಬಿಡುವುದಿಲ್ಲ. ಕೂಸಿನ ಪೊಟ್ಟಣದ ಆಹಾರಕ್ಕೆ ಮಾತ್ರ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಬ್ಯಾಗಿನಲ್ಲಿ ಇದ್ದರೆ ತೆಗೆದಿಡಿ. ಬೆಂಕಿಯ ಭಯಕ್ಕೆ ಅವನ್ನು ಹಡಗಿನವರು ಎತ್ತಿಟ್ಟುಕೊಳ್ಳುತ್ತಾರೆ.

ಹತ್ತಿದ ಮೇಲೆ

ಹಡಗು ಬಿಡುವ ಮೊದಲು ಸುರಕ್ಷತೆಯ ಕವಾಯತು ಇರುತ್ತದೆ. ಸೈರನ್ 7 ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗಿದರೆ ಎಲ್ಲರೂ ಗೊತ್ತು ಮಾಡಿದ ಜಾಗಕ್ಕೆ ಬರಬೇಕು. ಸುಮ್ನೆ ನಿಂತು ಬರಬೇಡಿ. ಕ್ಯಾಬಿನ್‌ನಿಂದ ಆ ಜಾಗದವರೆಗೆ ಮಕ್ಕಳನ್ನು ಎರಡು ಸಲ ನಡೆಸಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ಕೂಡಲೇ ಕೇಳಿ. ಡೆಕ್ ಮತ್ತು ಕ್ಯಾಬಿನ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುಸಮುದ್ರದ ರೋಮಿಂಗ್ ಬಿಲ್ ದೊಡ್ಡದು. ಊಟಕ್ಕೆ ಮೊದಲು ಕೈಗೆ ಸೋಪೇ ಹಚ್ಚಿ. ಹಡಗುಗಳಲ್ಲಿ ಹರಡುವ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಅವು ಮತ್ತೆ ಸಿಗುವುದು ಬಂದರಿನಲ್ಲಿ. ಬೆಳಗಿನ ಬಟ್ಟೆ, ಔಷಧಿ, ಆಧಾರ್, ಚಪ್ಪಲಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ನಾವು ಚಿಕ್ಕವಳ ಚಪ್ಪಲಿ ಮರೆತಿದ್ದೆವು. ಮುಂಬಯಿಯ ನೆಲ ಮುಟ್ಟುವವರೆಗೂ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಇಳಿದೆ. ಅವಳು ಹಿಂದೆ ತಿರುಗಿ ಹಡಗಿಗೆ ಕೈ ಬೀಸುತ್ತಿದ್ದಳು.