ಡೀಸೆಲ್ ಲಾರಿ ಟ್ಯಾಂಕಿಗೆ ಅಡಿಟಿವ್ ಹಾಕಬೇಕಾ, ಬ್ಯಾಡಾ? ಬಳ್ಳಾರಿ ಕಡೆ ಗಾಡಿ ಇಟ್ಟೋರಿಗೆ

ಸಂಡೂರು, ತೋರಣಗಲ್ಲು, ಬಳ್ಳಾರಿ ಲೈನಿನ್ಯಾಗ ಗಾಡಿ ಇಟ್ಟೋರು ಬಾಳ ಮಂದಿ ಕೇಳೋದು ಇದನ್ನ. ಡೀಸೆಲ್ ಜೋಡಿ ಬೆರೆಸಾಕಂತ ಟ್ಯಾಂಕಿಗೆ ಹಾಕೋ ಆ ಅಡಿಟಿವ್ ಅನ್ನೋ ಕೆಮಿಕಲ್ ಬಾಟಲಿಯಿಂದ ಮೈಲೇಜ್ ಬರ್ತೈತಾ, ಇಂಜೆಕ್ಟರ್ (ಇಂಜಿನ್ ಒಳಗ ಡೀಸೆಲ್ ಚಿಮ್ಮಿಸೋ ಭಾಗ) ಉಳಿತಾವಾ ಅಂತ. ಸ್ಪೇರ್ ಅಂಗಡಿಯೋರು ಹಾಕ್ರಿ ಅಂತಾರ, ಸರ್ವಿಸ್ ಸೆಂಟರ್‌ನೋರು ಬ್ಯಾಡ ಅಂತಾರ, ಡ್ರೈವರ್ ಬಂದು ಟೂಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿ ಪೆಟ್ರೋಲ್‌ಗೆ ಬೆರೆಸೋ ಎಣ್ಣಿ) ಹಾಕ್ರಿ ಸಾವ್ಕಾರ್ರ ಸೌಂಡ್ ಕಮ್ಮಿ ಆಗ್ತೈತಿ ಅಂತಾನ. ನಾ ಹೇಳೋದು ಇಷ್ಟು: ಗಾಡಿ ಚಲೋ ಓಡಾಕತ್ತಿದ್ರ, ನಂಬಿಕಿ ಇರೋ ಬಂಕ್‌ನಾಗ ತುಂಬಿಸಾಕತ್ತಿದ್ರ, ಪ್ರತಿ ಟ್ಯಾಂಕಿಗೂ ಬಾಟಲಿ ಸುರಿಯೋದು ಬ್ಯಾಡ. ಹಾಕಬೇಕಾದ ಟೈಮೂ ಅದಾವ, ಆದ್ರ ಗಾಡಿಗೆ ಏನಾಗೈತಿ ಅಂತ ಗೊತ್ತಾದಮ್ಯಾಲ ಹಾಕಬೇಕು, ಗೊತ್ತಿಲ್ದ ಹಾಕಬಾರ್ದು.

ಅಂಗಡಿಯೋರು ಹೇಳೋ ಮೊದಲನೇ ಮಾತು, ಈಗಿನ ಡೀಸೆಲ್‌ನಾಗ ಸಲ್ಫರ್ ಇಲ್ಲ, ಅದಕ್ಕ ಪಂಪ್ ಒಣಗಿ ಸವೀತೈತಿ ಅನ್ನೋದು. ಇದು ಅರ್ಧ ನಿಜ. ಬಿಎಸ್ ಅಂದ್ರ ಹೊಗೆ ಕಮ್ಮಿ ಮಾಡಾಕ ಸರ್ಕಾರ ಇಟ್ಟ ಭಾರತ್ ಸ್ಟೇಜ್ ರೂಲ್. ಬಿಎಸ್-3 ಡೀಸೆಲ್‌ನಾಗ ಸಲ್ಫರ್ 350 ಪಿಪಿಎಂ (ಹತ್ತು ಲಕ್ಷದಾಗ 350 ಭಾಗ) ತನಕ ಇರಬಹುದಿತ್ತು, ಬಿಎಸ್-4ನಾಗ 50ಕ್ಕ ಇಳೀತು, 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್-6 ಬಂದಮ್ಯಾಲ ಬರೇ 10. ಸಲ್ಫರ್ ತೆಗೆಯೋವಾಗ ಡೀಸೆಲ್‌ನಾಗ ಹುಟ್ಟಾ ಇರೋ ಜಾರೋ ಗುಣಾನೂ ಕಮ್ಮಿ ಆಗ್ತೈತಿ, ಅದು ಖರೆ. ಆದ್ರ ಅದಕ್ಕಂತ ಆಯಿಲ್ ಕಂಪನಿಯೋರು ಬಂಕಿಗೆ ಕಳಿಸೋಕ ಮೊದಲ ಜಾರೋ ಗುಣ ಕೊಡೋ ಲೂಬ್ರಿಸಿಟಿ ಅಡಿಟಿವ್ ಸೇರಿಸಿರ್ತಾರ. ನಮ್ಮ ದೇಶದ ಡೀಸೆಲ್ ಸ್ಟ್ಯಾಂಡರ್ಡ್ ಐಎಸ್ 1460, ಅದರಾಗ ಡೀಸೆಲ್‌ನಾಗ ಲೋಹಕ್ಕ ಲೋಹ ಉಜ್ಜೋ ಟೆಸ್ಟ್ ಐತಿ, ಸವೆದ ಗುರುತು 460 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಭಾಗ) ದಾಟಬಾರ್ದು ಅಂತ ರೂಲ್. ಸೀಟೇನ್ ನಂಬರ್ (ಡೀಸೆಲ್ ಎಷ್ಟು ಲಗೂನ ಹೊತ್ತಿಕೊಳ್ತೈತಿ ಅನ್ನೋ ಅಳತಿ) 51ಕ್ಕಿಂತ ಕಮ್ಮಿ ಇರಬಾರ್ದು ಅಂತಾನೂ ಐತಿ. ಅಂದ್ರ ಬಾಟಲಿ ಮ್ಯಾಲ ಬರ್ದಿರೋ ಕೆಲಸದಾಗ ಅರ್ಧಕ್ಕರ್ಧ ಆಗಿ ಬಂದಿರ್ತೈತಿ. ಸೀಟೇನ್ ಇನ್ನೂ ಏರಿಸಿದ್ರ ಚಳಿಯಾಗ ಲಗೂನ ಸ್ಟಾರ್ಟ್ ಆಗ್ತೈತಿ, ಸೌಂಡ್ ಸ್ವಲ್ಪ ಮೆತ್ತಗಾಗ್ತೈತಿ. 40 ಡಿಗ್ರಿ ದಾಟೋ ಬಳ್ಳಾರಿ ರಾಯಚೂರು ಬಿಸಿಲಾಗ ಸ್ಟಾರ್ಟಿಂಗ್ ಟ್ರಬಲ್ ಬಂತಂದ್ರ ಮೊದಲು ಬ್ಯಾಟರಿ, ಫಿಲ್ಟರ್, ಏರ್ ಲೀಕ್ ನೋಡಬೇಕು.

ಮತ್ತ ಇಂಜೆಕ್ಟರ್ ಯಾಕ ಹೋಗ್ತಾವು? ನಮ್ಮ ಕಡೆ ಎರಡ ಕಾರಣ, ನೀರು ಮತ್ತ ಧೂಳು. ಕಾಮನ್ ರೈಲ್ ಗಾಡಿಯಾಗ (ಎಲ್ಲಾ ಇಂಜೆಕ್ಟರಿಗೂ ಒಂದ ಪೈಪಿನಿಂದ ಬಾಳ ಒತ್ತಡದಾಗ ಡೀಸೆಲ್ ಹೋಗೋ ಗಾಡಿ) ಡೀಸೆಲ್ ಪ್ರೆಷರ್ 1600, 2000 ಬಾರ್ ತನಕ ಹೋಗ್ತೈತಿ, ಇಂಜೆಕ್ಟರ್ ಒಳಗಿನ ಸಂದು ಬರೇ ಕೆಲವು ಮೈಕ್ರಾನ್. ಅಲ್ಲಿ ಅದಿರಿನ ಕೆಂಪು ಧೂಳು ಹೊಕ್ಕರ ಉಜ್ಜಿ ಹಾಕ್ತೈತಿ, ನೀರು ಹೊಕ್ಕರ ತುಕ್ಕು ಹಿಡಿಸ್ತೈತಿ. ಯಾವ ಬಾಟಲಿನೂ ಸವೆದ ಕಬ್ಬಿಣ ತಿರುಗಿ ತರಲ್ಲ ನೋಡ್ರಿ. ಮೈನ್ಸ್‌ನಾಗ, ಕ್ರಷರ್‌ನಾಗ, ಗಂಗಾವತಿ ಕಾರಟಗಿ ಕಡೆ ರೈಸ್ ಮಿಲ್ಲಿನ್ಯಾಗ ಬ್ಯಾರಲ್‌ನಾಗ ಡೀಸೆಲ್ ಇಟ್ಟಿರ್ತಾರ, ಮುಚ್ಚಳ ಅರ್ಧ ತೆಗೆದಿರ್ತೈತಿ, ಫನಲ್ ನೆಲದ ಮ್ಯಾಲ ಬಿದ್ದಿರ್ತೈತಿ, ಅದನ್ನ ಎತ್ತಿ ಹಂಗ ಟ್ಯಾಂಕಿಗೆ ಇಡ್ತಾರ. ಇದನ್ನ ಮೊದಲು ನಿಲ್ಲಿಸ್ರಿ. ಬ್ಯಾರಲ್ ಇಡಲೇಬೇಕಂದ್ರ ನೆರಳಾಗ, ಸ್ವಲ್ಪ ವಾಲಿಸಿ ಇಡ್ರಿ, ತಳದ ನಾಕು ಬೆರಳಷ್ಟು ಡೀಸೆಲ್ ಎಳೀಬ್ಯಾಡ್ರಿ, ಫಿಲ್ಟರ್ ಇರೋ ಪಂಪ್‌ನಾಗ ತುಂಬ್ರಿ.

ಈಗ ಪ್ರತಿಯೊಬ್ಬರೂ ಮಾಡಬೇಕಾದ ಒಂದು ಚೆಕ್. ರಾತ್ರಿ ನಿಂತ ಗಾಡಿ, ಬೆಳಿಗ್ಗೆ ಸ್ಟಾರ್ಟ್ ಮಾಡೋಕ ಮೊದಲು ಡೀಸೆಲ್‌ನಾಗಿನ ನೀರು ಬ್ಯಾರೆ ಮಾಡೋ ವಾಟರ್ ಸೆಪರೇಟರ್ ಕೆಳಗಿನ ಡ್ರೇನ್ ಸ್ಕ್ರೂ ಕೈಯಾಗ ಸಡಿಲ ಮಾಡ್ರಿ, ಒಂದು ಖಾಲಿ ನೀರಿನ ಬಾಟಲಿ ಹಿಡೀರಿ, ಕಾಲು ಭಾಗ ತುಂಬಲಿ. ಬಾಟಲಿ ಕಟ್ಟಿ ಮ್ಯಾಲ ಇಟ್ಟು ಚಹಾ ಕುಡಿದು ಬರ್ರಿ. ಬಂದು ಬಿಸಿಲಿಗೆ ಹಿಡಿದು ನೋಡ್ರಿ, ಡೀಸೆಲ್ ಪೂರಾ ತಿಳಿಯಾಗಿದ್ರ ಚಿಂತಿಲ್ಲ. ತಳದಾಗ ನೀರು ಕುಂತು ಬ್ಯಾರೆ ಗೆರಿ ಕಂಡ್ರ ನೀರು ಬರಾಕತ್ತೈತಿ, ಕೆಂಪು ರಾಡಿ ಕಂಡ್ರ ಟ್ಯಾಂಕ್ ಮುಚ್ಚಳದ ವಾಷರ್ ಇಲ್ಲಾ ಬ್ಯಾರಲ್ ಕೆಲಸ. ನೀರಿಗೂ ಡೀಸೆಲ್‌ಗೂ ನಡುವ ಕರಿ ಲೋಳಿ ಪದರ ಇದ್ರ ಅದು ಫಂಗಸ್, ನೀರು ಬಾಳ ದಿನ ನಿಂತ ಟ್ಯಾಂಕಿನ್ಯಾಗ ಬೆಳೀತೈತಿ. ಇಲ್ಲಿ ಅಡಿಟಿವ್‌ಗೆ ನಿಜವಾದ ಕೆಲಸ ಐತಿ, ಫಂಗಸ್ ಕೊಲ್ಲೋ ಬಯೋಸೈಡ್ ಅಂತ ಬರ್ತೈತಿ, ಆದ್ರ ಟ್ಯಾಂಕ್ ಇಳಿಸಿ ತೊಳೆದಮ್ಯಾಲನ ಹಾಕ್ರಿ, ಇಲ್ಲಂದ್ರ ಸತ್ತ ಲೋಳಿ ಎಲ್ಲಾ ಹೋಗಿ ಫಿಲ್ಟರ್ ಕಟ್ಟಿ ಗಾಡಿ ನಡು ರೋಡಿನ್ಯಾಗ ನಿಲ್ತೈತಿ. ಮಳಿಗಾಲದಾಗ ರಾತ್ರಿ ನಿಲ್ಲಿಸೋವಾಗ ಟ್ಯಾಂಕ್ ತುಂಬಿಸಿ ನಿಲ್ಲಿಸಿದ್ರ ಒಳಗ ಬೆವರೋದೂ ಕಮ್ಮಿ.

ನೀರು ತೆಗೆಯೋ ಬಾಟಲಿ ತಗೊಳೋವಾಗ ಹುಷಾರ್ರಿ. ಕೆಲವು ನೀರನ್ನ ಡೀಸೆಲ್‌ನಾಗ ಬೆರೆಸಿ ಬಿಡ್ತಾವು, ಆಗ ಸೆಪರೇಟರ್ ಹಿಡಿಯಾಕ ಆಗಲ್ಲ, ನೀರು ನೆಟ್ಟಗ ಇಂಜೆಕ್ಟರಿಗೆ ಹೋಗ್ತೈತಿ. ಕಾಮನ್ ರೈಲ್ ಗಾಡಿಗೆ ಅದು ಬ್ಯಾಡವೇ ಬ್ಯಾಡ. ನೀರನ್ನ ಬೇರ್ಪಡಿಸಿ ಕೆಳಗ ಕೂಡಿಸೋ ತರದ್ದು ಆದ್ರ ನಡೀತೈತಿ, ಅದಕ್ಕಿಂತ ಡ್ರೇನ್ ಸ್ಕ್ರೂ ತಿರುವೋದು ಪುಕ್ಕಟೆ.

ಕಪ್ಪು ಹೊಗೆ ಬರ್ತೈತಿ, ಪಿಕಪ್ ಇಲ್ಲ, ಡೀಸೆಲ್ ಸರಿ ಇಲ್ಲ ಅಂತ ಅಡಿಟಿವ್ ಹಾಕೋ ಮಂದಿಗೆ ಒಂದು ಮಾತು, ಮೊದಲು ಏರ್ ಫಿಲ್ಟರ್ ತೆಗೆದು ನೋಡ್ರಿ. ಮೈನ್ಸ್ ರೋಡಿನ್ಯಾಗ ಓಡೋ ಟಿಪ್ಪರ್‌ಗೆ ಮ್ಯಾನ್ಯುಯಲ್‌ನಾಗ ಬರ್ದಿರೋ ಕಿಲೋಮೀಟರ್ ತನಕ ಫಿಲ್ಟರ್ ತಡೆಯಲ್ಲ. ಗಾಳಿ ಸಾಲದಿದ್ರ ಎಷ್ಟು ಚಲೋ ಡೀಸೆಲ್ ಇದ್ರೂ ಅರ್ಧ ಸುಟ್ಟು ಹೊಗೆ ಆಗಿ ಹೋಗ್ತೈತಿ. ಅದಾದಮ್ಯಾಲ ಟರ್ಬೋ ಹೋಸ್ ಸೀಳಿದ್ರ ನೋಡ್ರಿ, ಟೈರ್ ಗಾಳಿ ನೋಡ್ರಿ, ಬ್ರೇಕ್ ಹಿಡ್ಕೊಂಡೈತಾ ನೋಡ್ರಿ.

ಮೈಲೇಜ್ ಲೆಕ್ಕಾನೂ ಮಾಡಿಬಿಡೋಣು. ಗಾಡಿ ತಿಂಗಳಿಗೆ 8000 ಕಿಲೋಮೀಟರ್ ಓಡ್ತೈತಿ, ಲೀಟರಿಗೆ 4 ಕಿಲೋಮೀಟರ್ ಅಂತ ಹಿಡೀರಿ, 2000 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಅಂದ್ರ 1,80,000. ಅಡಿಟಿವ್ ಖರ್ಚು ಲೀಟರಿಗೆ 1 ರೂಪಾಯಿ ಬಿದ್ರ ತಿಂಗಳಿಗೆ 2000. ಆ ದುಡ್ಡು ತಿರುಗಿ ಬರಬೇಕಂದ್ರ ಮೈಲೇಜ್ 4 ಇದ್ದದ್ದು ಸುಮಾರು 4.05 ಆಗಬೇಕು, ಅಂದ್ರ ಲೀಟರಿಗೆ 50 ಮೀಟರ್ ಹೆಚ್ಚು. ಸಣ್ಣದು ಅನಿಸ್ತೈತಿ ಅಲ್ಲ, ಆದ್ರ ಆ 50 ಮೀಟರ್ ಬಂತೋ ಇಲ್ಲೋ ಅಂತ ನಿಮಗ ಕಾಣಾದ ಇಲ್ಲ, ಯಾಕಂದ್ರ ಲೋಡ್ ಒಂದು ಟನ್ ಹೆಚ್ಚು ಕಮ್ಮಿ ಆದ್ರ, ಡ್ರೈವರ್ ಬದಲಾದ್ರ, ಲೋಡಿಂಗ್ ಕ್ಯೂನಾಗ ಇಂಜಿನ್ ಆಫ್ ಮಾಡ್ದ ಕುಂತ್ರ ಅದಕ್ಕಿಂತ ಬಾಳ ವ್ಯತ್ಯಾಸ ಬರ್ತೈತಿ. ಟೆಸ್ಟ್ ಮಾಡಲೇಬೇಕಂದ್ರ ಒಬ್ಬನ ಡ್ರೈವರ್, ಒಂದ ರೂಟ್, ವೇಬ್ರಿಡ್ಜ್ ಚೀಟಿ ಪ್ರಕಾರ ಅದ ತೂಕ, ಒಂದ ಬಂಕ್‌ನಾಗ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್, ಒಂದು ತಿಂಗಳು ಹಾಕದ, ಒಂದು ತಿಂಗಳು ಹಾಕಿ. ಒಂದು ಟ್ರಿಪ್‌ನಾಗ ಬಂದ ಮೈಲೇಜ್ ನಂಬಬ್ಯಾಡ್ರಿ.

ಇನ್ನ ಹಾಕೋ ಟೈಮ್. ಗಾಡಿ ಬಾಳ ಕಿಲೋಮೀಟರ್ ಓಡೈತಿ, ಐಡ್ಲಿಂಗ್‌ನಾಗ ಅಲುಗಾಡ್ತೈತಿ, ಫಿಲ್ಟರ್ ಎಲ್ಲಾ ಹೊಸಾದು ಹಾಕಿದ್ರೂ ಹಂಗ ಐತಿ ಅಂದ್ರ ಪಂಪ್ ಶಾಪ್‌ನಾಗ ಇಂಜೆಕ್ಟರ್ ರಿಟರ್ನ್ ಚೆಕ್ ಮಾಡಿಸ್ರಿ. ಒಂದು ಇಂಜೆಕ್ಟರ್ ಉಳಿದವಕ್ಕಿಂತ ಬಾಳ ಡೀಸೆಲ್ ವಾಪಸ್ ಬಿಡಾಕತ್ತಿದ್ರ ಅದು ಸವೆದೈತಿ, ರಿಪೇರಿನ ದಾರಿ. ರಿಟರ್ನ್ ಸರಿ ಐತಿ, ಬರೇ ಮಸಿ ಕಟ್ಟೈತಿ ಅನಿಸಿದ್ರ ಡಿಟರ್ಜೆಂಟ್ ತರದ ಇಂಜೆಕ್ಟರ್ ಕ್ಲೀನರ್ ಒಂದು ಸಲ ಹಾಕಿ ನೋಡ್ರಿ. ಹಾಕೋ ರೀತಿ: ಟ್ಯಾಂಕ್ ಕೆಳಗ ಬಂದಾಗ ಬಾಟಲಿ ಮೊದಲು ಹಾಕಿ, ಆಮ್ಯಾಲ ಮ್ಯಾಲಿಂದ ಡೀಸೆಲ್ ತುಂಬಿಸ್ರಿ, ಚಲೋ ಬೆರೀತೈತಿ. 1:1000 ಅಂತ ಬರ್ದಿದ್ರ 300 ಲೀಟರ್ ಟ್ಯಾಂಕಿಗೆ 300 ಎಂಎಲ್, ಹೆಚ್ಚು ಹಾಕಿದ್ರ ಹೆಚ್ಚು ಕ್ಲೀನ್ ಆಗಲ್ಲ. ಲೋಡ್ ಹಾಕ್ಕೊಂಡು ಹೈವೇಯಾಗ ಓಡ್ಲಿ, ಬಳ್ಳಾರಿಯಿಂದ ಹೊಸಪೇಟೆ ಕೊಪ್ಪಳ ಮ್ಯಾಲ ಹುಬ್ಬಳ್ಳಿ ಹೋಗೋ ಟ್ರಿಪ್ ಇದ್ರ ಅದಕ್ಕ ಸರಿ. ಆ ಟ್ಯಾಂಕ್ ಮುಗಿದಮ್ಯಾಲ ಡೀಸೆಲ್ ಫಿಲ್ಟರ್ ಬದಲಿಸ್ರಿ.

ಬಿಎಸ್-6 ಗಾಡಿ ಇದ್ರ ಲೇಬಲ್ ಮ್ಯಾಲ ಡಿಪಿಎಫ್‌ಗೆ (ಸೈಲೆನ್ಸರ್ ಲೈನಿನ್ಯಾಗ ಮಸಿ ಹಿಡಿಯೋ ಫಿಲ್ಟರ್) ನಡೀತೈತಿ ಅಂತ ಸ್ಪಷ್ಟ ಬರ್ದಿರಬೇಕು, ಇಲ್ಲಂದ್ರ ಮುಟ್ಟಬ್ಯಾಡ್ರಿ. ಲೋಹದ ಅಂಶ ಇರೋ ಅಡಿಟಿವ್ ಸುಟ್ಟಮ್ಯಾಲ ಬೂದಿ ಬಿಡ್ತೈತಿ, ಮಸಿ ಆದ್ರ ರೀಜೆನ್ ಅಂದ್ರ ಆ ಫಿಲ್ಟರ್ ಕಾದು ಕ್ಲೀನ್ ಆಗೋವಾಗ ಸುಟ್ಟು ಹೋಗ್ತೈತಿ, ಬೂದಿ ಸುಡಲ್ಲ, ಡಿಪಿಎಫ್ ಒಳಗ ಕುಂತು ಬಿಡ್ತೈತಿ. ಟೂಟಿ ಆಯಿಲ್‌ದೂ ಇದ ಕತಿ. ಹಳೆ ಇಂಜಿನ್ ಆಯಿಲ್ ಸೋಸಿ ಹಾಕೋರು ಇನ್ನೂ ಅದಾರ, ದಯವಿಟ್ಟು ಬ್ಯಾಡ್ರಿ. ಸೀಮೆಎಣ್ಣಿ ಬೆರೆಸಿದ್ರ ಪಂಪಿಗೆ ಜಾರಿಕಿ ಹೋಗ್ತೈತಿ, ಕಾನೂನಿಗೂ ತಪ್ಪು. ವಾರಂಟಿ ಇರೋ ಗಾಡಿ ಆದ್ರ ಮ್ಯಾನ್ಯುಯಲ್‌ನಾಗ ಅಡಿಟಿವ್ ಬಗ್ಗೆ ಏನು ಬರ್ದಾರ ಓದ್ರಿ, ಬ್ಯಾಡ ಅಂತ ಇದ್ದು ನೀವು ಹಾಕಿ ಇಂಜೆಕ್ಟರ್ ಹೋದ್ರ ಕ್ಲೇಮ್ ಸಿಗೋದು ಕಷ್ಟ.

ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕೋ ಡಿಇಎಫ್ (ಹೊಗೆಯಾಗಿನ ವಿಷ ಕಮ್ಮಿ ಮಾಡೋ ದ್ರವ) ಬ್ಯಾರೆ, ಅದು ಅಡಿಟಿವ್ ಅಂತ ತಿಳಿದು ಡೀಸೆಲ್ ಟ್ಯಾಂಕಿಗೆ ಒಂದು ಹನಿನೂ ಹೋಗಬಾರ್ದು. ಹೋತಂದ್ರ ಸ್ಟಾರ್ಟ್ ಮಾಡಬ್ಯಾಡ್ರಿ, ಟ್ಯಾಂಕ್ ಇಳಿಸ್ರಿ. ಡಿಇಎಫ್‌ನಾಗ 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ಶುದ್ಧ ನೀರು. ನಮ್ಮ ಸಿಂಧನೂರು, ಮಾನ್ವಿ, ಗಂಗಾವತಿ ಭತ್ತದ ಸೀಮಿ, ಯೂರಿಯಾ ಚೀಲ ಮನಿಯಾಗ ಇರ್ತಾವು, ಅದನ್ನ ನೀರಾಗ ಕಲಸಿ ಹಾಕಿದ್ರ ಆತು ಅಂತ ಹೇಳೋರು ಸಿಗ್ತಾರ. 2015ರಿಂದ ಹೊಲದ ಯೂರಿಯಾಕ್ಕೆಲ್ಲಾ ಬೇವಿನೆಣ್ಣಿ ಲೇಪ ಇರ್ತೈತಿ, ನಳದ ನೀರಿನ್ಯಾಗ ಸುಣ್ಣದ ಅಂಶ, ಎರಡೂ ಸೇರಿ ಡೋಸಿಂಗ್ ನಾಝಲ್ ಕಟ್ಟಿ ಹೊಗೆ ಶುದ್ಧ ಮಾಡೋ ಎಸ್‌ಸಿಆರ್ ಕೆಡಿಸ್ತಾವು, ಆಮ್ಯಾಲ ಗಾಡಿ ಪವರ್ ಕಟ್ ಮಾಡ್ತೈತಿ. ರೈತರ ಸಬ್ಸಿಡಿ ಗೊಬ್ಬರ ಬ್ಯಾರೆ ಕೆಲಸಕ್ಕ ಬಳಸೋದೂ ಅಪರಾಧ. ಡಿಇಎಫ್ ಸ್ಟ್ಯಾಂಡರ್ಡ್ ಐಎಸ್‌ಒ 22241 ಅಂತ ಬರ್ದಿರೋ ಸೀಲ್ ಇರೋ ಕ್ಯಾನ್ ತಗೋರಿ.

ಬಂಕ್ ಮ್ಯಾಲ ಡೌಟ್ ಇದ್ರ ಜಗಳ ಬ್ಯಾಡ, ಡೆನ್ಸಿಟಿ (ಒಂದು ಅಳತಿ ಡೀಸೆಲ್ ಎಷ್ಟು ತೂಗ್ತೈತಿ ಅನ್ನೋದು, ಕಲಬೆರಕಿ ಇದ್ರ ಬದಲಾಗ್ತೈತಿ) ತೋರ್ಸ್ರಿ ಅಂತ ಕೇಳ್ರಿ, ಅದು ಗಿರಾಕಿ ಹಕ್ಕು. ಹೈಡ್ರೋಮೀಟರ್, ಥರ್ಮೋಮೀಟರ್, ಜಾರ್ ಅವರ ಹತ್ರ ಇರಬೇಕು, ನಿಮ್ಮ ಮುಂದ ಅಳೆದು 15 ಡಿಗ್ರಿಗೆ ಲೆಕ್ಕ ಹಾಕಿದಾಗ ಅವತ್ತು ಬೋರ್ಡಿನ್ಯಾಗ ಬರ್ದ ನಂಬರಿಗೂ ಇದಕ್ಕೂ 3ಕ್ಕಿಂತ (ಕ್ಯೂಬಿಕ್ ಮೀಟರಿಗೆ 3 ಕಿಲೋ) ಹೆಚ್ಚು ಫರಕು ಇರಬಾರ್ದು. ಅಳತಿ ಡೌಟ್ ಇದ್ರ 5 ಲೀಟರ್ ಮಾಪ್‌ನಾಗ ಹಿಡಿಸ್ರಿ.

ಕೊನೀಗೆ ಅಕ್ಕಿ ಲೋಡ್ ಹಾಕ್ಕೊಂಡು ಡಿಸೆಂಬರ್ ಜನವರಿಯಾಗ ಉತ್ತರಕ್ಕ ಹೋಗೋರು. ಡೀಸೆಲ್‌ನಾಗ ಮೇಣ ಇರ್ತೈತಿ, ಚಳಿಗೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ತೈತಿ. ದಾರಿಯಾಗ ಅಲ್ಲಿನ ಬಂಕ್ ಡೀಸೆಲ್ ತುಂಬಿಸ್ಕೊಂತ ಹೋಗ್ರಿ, ನಮ್ಮ ಕಡೆ ತುಂಬಿಸಿದ್ದು ಅಷ್ಟೊತ್ತಿಗೆ ಖಾಲಿ ಆಗಿರ್ಲಿ. ಲಡಾಖ್‌ಗಂತ 2019ರಾಗ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಾಗೂ ಹರಿಯೋ ಬ್ಯಾರೆ ಡೀಸೆಲ್ ತಂದೈತಿ. ಹಿಮಾಚಲ, ಕಾಶ್ಮೀರ ಹತ್ತೋರು ಆ್ಯಂಟಿ ಜೆಲ್ ಅಡಿಟಿವ್ ಒಂದು ಇಟ್ಕೊಳ್ರಿ, ಚಳಿ ಬೀಳೋಕ ಮೊದಲು ಕೆಳಗಿನ ಬಂಕ್‌ನಾಗ ಹಾಕಬೇಕು. ಮೇಣ ಕಟ್ಟಿದಮ್ಯಾಲ ಸುರಿದ್ರ ಉಪಯೋಗ ಇಲ್ಲ, ಫಿಲ್ಟರ್ ಬಿಚ್ಚಿ ಹೊಸಾದು ಹಾಕಿ, ಬಿಸಿಲು ಏರೋ ತನಕ ಕಾಯಬೇಕಾಗ್ತೈತಿ.