ಪಾಲಿಹೌಸ್ ಶೀಟ್ ಬದಲಿಸುವಾಗ ನಾನು ಏನೇನು ಮಾಡಿಸಿದೆ

ದೊಡ್ಡಬಳ್ಳಾಪುರದ ಹತ್ತಿರ ನನ್ನದು ಅರ್ಧ ಎಕರೆ ಪಾಲಿಹೌಸ್, ಅಂದರೆ ಪೈಪಿನ ಕಮಾನುಗಳ ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ಮನೆ, ಬೆಳೆಯುವುದು ಕ್ಯಾಪ್ಸಿಕಂ. ಹೋದ ವರ್ಷ ಶೀಟ್ ಬದಲಿಸುವ ಸರದಿ ಬಂತು. 200 ಮೈಕ್ರಾನ್ ಶೀಟ್ ಮೂರ್ನಾಲ್ಕು ವರ್ಷ ಬರುತ್ತದೆ. ಆಮೇಲೆ ಹರಿಯದಿದ್ದರೂ ಮಬ್ಬಾಗಿ ಒಳಗೆ ಬೆಳಕು ಕಮ್ಮಿಯಾಗುತ್ತದೆ, ಗಿಡ ಸುಮ್ನೆ ಉದ್ದಕ್ಕೆ ಏರುತ್ತದೆ, ಹೂ ಉದುರುತ್ತದೆ. ಹೇಗೂ ಚಾವಣಿ ಬಿಚ್ಚುತ್ತೇವಲ್ಲ, ಮಿಕ್ಕ ರಿಪೇರಿಯನ್ನೂ ಆಗಲೇ ಮುಗಿಸಿಬಿಡೋಣ ಅಂದುಕೊಂಡೆ. ಬೆಳೆ ನಿಂತಿರುವಾಗ ಒಳಗೆ ಏಣಿ ಹಾಕಲು ಜಾಗ ಎಲ್ಲಿರುತ್ತೆ?

ಹಳೇ ಶೀಟ್ ಇಳಿಸಿ ಹಾಸಿ ನೋಡಿದರೆ ಹರಿದಿದ್ದೆಲ್ಲಾ ಪೈಪಿಗೆ ತಾಗುವ ಗೆರೆಯಲ್ಲೇ, ನಡುಭಾಗ ಇನ್ನೂ ಗಟ್ಟಿ. ಬಿಸಿಲಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕಾದು ಶೀಟನ್ನು ಅಲ್ಲೇ ಸುಡುತ್ತದೆ. ಅದಕ್ಕೇ ಕಮಾನುಗಳ ಮೇಲ್ಮೈಗೆಲ್ಲಾ ಬಿಳಿ ಪೇಂಟ್ ಹೊಡೆಸಿದೆ. ಆಯಿಲ್ ಪೇಂಟ್ ಬೇಡ, ನೀರಲ್ಲಿ ಕಲೆಸುವ ಅಕ್ರಿಲಿಕ್ ಸಾಕು, ಪೂರ್ತಿ ಒಣಗಿದ ಮೇಲೇ ಶೀಟ್ ಹಾಕಬೇಕು. ಶೀಟ್ ಸಿಕ್ಕಿಸುವ ಲೋಹದ ಪಟ್ಟಿ, ಅಂದರೆ ಪ್ರೊಫೈಲ್, ಅದರ ಅಂಚು ಚೂಪಾಗಿದ್ದ ಕಡೆ ಅರ ಹಾಕಿ ಉಜ್ಜಿಸಿದೆ. ಶೀಟನ್ನು ಆ ಪಟ್ಟಿಯೊಳಗೆ ಹಿಡಿದಿಡುವ ಜಿಗ್‌ಜಾಗ್ ಸ್ಪ್ರಿಂಗ್‌ಗಳಲ್ಲಿ ಪ್ಲಾಸ್ಟಿಕ್ ಲೇಪ ಕಿತ್ತು ತುಕ್ಕು ಹಿಡಿದವು ಗುಜರಿಗೆ ಹೋದವು. ಅದನ್ನೇ ಮತ್ತೆ ಹಾಕಿ ದುಡ್ಡು ಉಳಿಸುತ್ತೇನೆ ಅನ್ನುವವರಿದ್ದಾರೆ, ಶೀಟಿನ ಬೆಲೆಯ ಮುಂದೆ ಸ್ಪ್ರಿಂಗ್ ಯಾವ ಲೆಕ್ಕ?

ಅಶ್ವಿನಿ, ಭರಣಿ ಮಳೆಯ ಬಿರುಗಾಳಿ ಶುರುವಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಶೀಟ್ ಎಳೆಯುವುದು ಬೆಳಗ್ಗೆ, ಗಾಳಿ ಏಳುವ ಮುಂಚೆ. ನಡು ಮಧ್ಯಾಹ್ನ ಬಿಗಿದರೆ ರಾತ್ರಿ ತಂಪಿಗೆ ಕುಗ್ಗಿ ಜಾಸ್ತಿ ಎಳೆದುಕೊಳ್ಳುತ್ತದೆ. ಸಡಿಲ ಬಿಟ್ಟರೆ ಗಾಳಿಗೆ ಪಟಪಟ ಬಡಿದು ಹರಿಯುತ್ತದೆ.

ಚಾವಣಿಯ ಮಳೆ ನೀರು ಹರಿಯುವ ಗಟರ್ ಜಾಯಿಂಟ್‌ಗಳಿಗೆ ಸೀಲೆಂಟ್ ಹಾಕಿಸಿ, ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಿದ್ದು ನನಗೆ ಎಲ್ಲಕ್ಕಿಂತ ಲಾಭ ಕೊಟ್ಟ ಕೆಲಸ. ಅರ್ಧ ಎಕರೆ ಅಂದರೆ ಸುಮಾರು 2000 ಚದರ ಮೀಟರ್, 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 20,000 ಲೀಟರ್, ಸೋರಿದ್ದು ಚೆಲ್ಲಿದ್ದು ಕಳೆದರೂ ಒಳ್ಳೇ ನೀರೇ. ನಮ್ಮ ಬೋರ್ ನೀರು ಗಡಸು, ಡ್ರಿಪ್ಪರ್ ಬಾಯಲ್ಲಿ ಬಿಳಿ ಪುಡಿ ಕಟ್ಟಿ ಆಗಾಗ ಆ್ಯಸಿಡ್ ಬಿಟ್ಟು ತೊಳೆಯಬೇಕಿತ್ತು. ಈಗ ಮಳೆ ನೀರು ಬೆರೆಸುತ್ತೇನೆ, ಆ ಕಾಟ ಕಮ್ಮಿ.

ಪಕ್ಕದ ಗೋಡೆಯ ಹುಳ ತಡೆಯುವ ನೆಟ್ ಮಾತ್ರ 40 ಮೆಶ್ಶೇ (ಅಂಗುಲಕ್ಕೆ 40 ಕಣ್ಣು) ಉಳಿಸಿಕೊಂಡೆ. ಇನ್ನೂ ಸಣ್ಣ ಕಣ್ಣಿನದು ಹಾಕಿದರೆ ರಸ ಹೀರುವ ಸಣ್ಣ ಹುಳ ಥ್ರಿಪ್ಸ್ ಕಮ್ಮಿಯಾಗಬಹುದು, ಆದರೆ ಫ್ಯಾನ್ ಇಲ್ಲದ ನಮ್ಮಂಥ ಪಾಲಿಹೌಸಲ್ಲಿ ಗಾಳಿ ಆಡದೆ ಗಿಡ ಬೇಯುತ್ತದೆ. ಇರೋ ನೆಟ್ಟನ್ನೇ ಒಳಗಿನಿಂದ ಪೈಪ್ ಹಿಡಿದು ಧೂಳು ತೊಳೆಸಿದೆ. ಗಂಧಕ ಹೊಡೆಯುವುದನ್ನೂ ಆದಷ್ಟು ಕಮ್ಮಿ ಮಾಡಿದ್ದೇನೆ, ಅದು ಶೀಟಿನ ಆಯಸ್ಸು ತಿನ್ನುತ್ತದೆ.

ಹಳೇ ಶೀಟ್ ಸುಡಬೇಡಿ. ಗಟ್ಟಿ ಇರುವ ನಡುಭಾಗ ಕತ್ತರಿಸಿಟ್ಟರೆ ಹುಲ್ಲಿನ ಬಣವೆಗೆ ಚೆನ್ನಾಗಿ ಹೊದಿಕೆ ಆಗುತ್ತೆ.